ಪಿಂಚಣಿದಾರನ ಎರಡು ಮನೆ

ಕಂತು ಒಂಬತ್ತು

ಅಕಾರ್ಡಿಯನ್ನಿನ ತಿದಿಯ ಪಟ್ಟಿ ಬಿಚ್ಚಿತ್ತು.

ನಾನು ಮಂಡಿಯೂರಿ ಕೂತು ಇನ್ನೊಮ್ಮೆ ನೋಡಿದೆ. ಹೆಗಲಿಗೆ ತೂಗುಹಾಕಿ ಬಾರಿಸುವ ಆ ವಾದ್ಯದ ಮೇಲಿನ ಪಟ್ಟಿಯ ಗುಂಡಿ ಹಾಕಿತ್ತು, ಕೆಳಗಿನದು ಹಾಕಿರಲಿಲ್ಲ. ಹಾಗೇ ಎತ್ತಿದ್ದರಿಂದ ತಿದಿ ಒಂದು ಕಡೆ ಬಾಯಿ ಬಿಟ್ಟು ಜೋತುಬಿದ್ದು, ಮೂಲೆಯ ಚರ್ಮ ಎರಡು ಬೆರಳಗಲ ಹರಿದಿತ್ತು. ಹರಿದ ಅಂಚು ಇನ್ನೂ ಬೆಳ್ಳಗಿತ್ತು. ಹಳೆಯ ಗಾಯವಲ್ಲ.

“ಮುಟ್ಟಬೇಡ ಅದನ್ನ,” ಎಂದಳು ಇರ್ಮಾ ಡೊಂಬ್ರೋಸ್ಕಿ. ಅಡುಗೆಮನೆಯ ಬಾಗಿಲಿಗೆ ಒರಗಿ, ಒರೆಸುವ ಬಟ್ಟೆಯನ್ನು ಕತ್ತು ಹಿಸುಕುವ ಹಾಗೆ ಹಿಂಡುತ್ತಿದ್ದಳು.

“ಮುಟ್ಟಿಲ್ಲ ಇರ್ಮಮ್ಮ. ನೋಡ್ತಿದೀನಿ ಅಷ್ಟೆ.”

“ನೋಡೋದಕ್ಕೆ ಪೊಲೀಸರು ಎರಡು ಸಲ ಬಂದು ಹೋದ್ರು. ಅವರಿಗೆ ಕಾಣದೆ ಇದ್ದದ್ದು, ಹತ್ತನೇ ಕ್ಲಾಸೂ ಮುಗಿಸದ ನಿನಗೆ ಕಾಣುತ್ತಾ?”

“ಕಾಣದಿದ್ರೆ ಎದ್ದು ಹೋಗ್ತೀನಿ ಬಿಡಿ.”

ನನಗೆ ಕಂಡಿತ್ತು. ಆದರೆ ತಕ್ಷಣ ಬಾಯಿ ಬಿಡಬಾರದು ಎಂದುಕೊಂಡೆ. ಈ ಅಕಾರ್ಡಿಯನ್ ಈ ಮನೆಯಲ್ಲಿದೆ ಎಂಬ ಕಾರಣಕ್ಕೇ ನನ್ನ ಗ್ಲೆಂಡಾ ಅತ್ತೆ ಜೈಲಿನಲ್ಲಿದ್ದಳು, ಇರ್ಮಾಳ ಗಂಡ ಕ್ಯಾಜ್‌ನನ್ನು ಕೊಂದ ಆರೋಪದ ಮೇಲೆ. ನಾಳೆ ಬೆಳಗ್ಗೆ ವಿಚಾರಣೆ. ನನ್ನನ್ನು ಸಾಕಿದವಳು ಅವಳು. ಅವಳ ವಕೀಲ ಹಾಲೆನ್‌ಬ್ಯಾಕ್‌ಗೆ ಓಡಾಡಿ ಸಾಕ್ಷಿ ಹುಡುಕಿ ಕೊಡುವ ಕೆಲಸ ನನ್ನದು.

ನಮ್ಮ ರಸ್ತೆಯ ನಡುಗೆರೆಯೇ ಎರಡು ರಾಜ್ಯಗಳ ಗಡಿ. ಬಡಗಣ ಬದಿಯ ಮನೆಗಳು ನ್ಯೂಯಾರ್ಕಿನವು, ತೆಂಕಣ ಬದಿಯವು ಪೆನ್ಸಿಲ್ವೇನಿಯದವು. ಒಂದೇ ಬಾಯ್ಲರ್ ಕಾರ್ಖಾನೆಯಲ್ಲಿ ಒಂದೇ ಪಾಳಿ ದುಡಿದು, ಒಂದೇ ಪಿಂಚಣಿ ತೆಗೆದುಕೊಳ್ಳುವ ಇಬ್ಬರು ಎದುರುಬದುರು ಮನೆಯಲ್ಲಿದ್ದಾರೆ ಅನ್ನಿ. ತೆಂಕಣದವನ ಪಿಂಚಣಿಗೆ ಅವನ ರಾಜ್ಯ ಕೈ ಹಾಕುವುದಿಲ್ಲ. ಬಡಗಣದವನಿಗೆ ಮೊದಲ ಇಪ್ಪತ್ತು ಸಾವಿರ ಡಾಲರ್ ಬಿಟ್ಟು ಉಳಿದದ್ದರ ಮೇಲೆ ತೆರಿಗೆ. ಅದೇ ಬಡಗಣದವನು ಸರ್ಕಾರಿ ಕೆಲಸ ಮಾಡಿ ನಿವೃತ್ತನಾಗಿದ್ದರೆ ಅವನಿಗೂ ಪೂರ್ತಿ ಮಾಫಿ. ಏಪ್ರಿಲ್ ಹತ್ತಿರ ಬಂತೆಂದರೆ ಈ ರಸ್ತೆಯ ಮುದುಕರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅಂಚೆ ಡಬ್ಬದ ಹತ್ತಿರ ಎದುರಾದರೆ ಗುರ್ ಅನ್ನುತ್ತಾರೆ.

ನನಗೆ ಇವರ ಮೇಲೆಲ್ಲ ಉರಿಯುತ್ತದೆ. ನಾನು ಹಲಗೆ ಹೊತ್ತ ಕಡೆ, ಟ್ರಕ್ಕು ತೊಳೆದ ಕಡೆ, ಈಗ ಈ ವಕೀಲನ ಕಡೆ, ಎಲ್ಲಿಯೂ ಯಾರೂ ಪಿಂಚಣಿ ಎಂಬ ಪದ ಬಾಯಿಗೆ ತಂದಿಲ್ಲ. ಇವರಿಗೆ ತಿಂಗಳ ಮೊದಲ ದಿನ ದುಡ್ಡು ಬಂದು ಬೀಳುತ್ತದೆ. ಅದರಲ್ಲಿ ಎದುರುಮನೆಯವನಿಗೆ ಒಂದು ಚೂರು ಹೆಚ್ಚು ಉಳಿಯಿತೆಂದು ರಾತ್ರಿಯೆಲ್ಲ ಹೊರಳಾಡುತ್ತಾರೆ.

ಕ್ಯಾಜ್ ಡೊಂಬ್ರೋಸ್ಕಿಗೆ ಹೊಟ್ಟೆಕಿಚ್ಚಿಗಾಗಿ ಎದುರುಮನೆಯ ತನಕ ಹೋಗಬೇಕಾಗಿಯೂ ಇರಲಿಲ್ಲ. ಇರ್ಮಾ ಸರ್ಕಾರಿ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು, ಅವಳ ಪಿಂಚಣಿಗೆ ತೆರಿಗೆಯಿಲ್ಲ. ಅವನದು ಕಾರ್ಖಾನೆಯದು, ತೆರಿಗೆ ಉಂಟು. ಒಂದೇ ಮೇಜಿನ ಮೇಲೆ ಇಬ್ಬರ ಲೆಕ್ಕ ತುಂಬುವಾಗ ಅವನು ಹೆಂಡತಿಯನ್ನು ಜೇಬುಗಳ್ಳಿಯನ್ನು ನೋಡುವ ಹಾಗೆ ನೋಡುತ್ತಿದ್ದನಂತೆ.

ಮೂರು ವರ್ಷದ ಹಿಂದೆ ಅವನು ರಸ್ತೆ ದಾಟಿದ. ನಮ್ಮ ಗ್ಲೆಂಡಾ ಅತ್ತೆ ವಿಧವೆ. ಅವಳ ಮಹಡಿಯ ಕೋಣೆ ಬಾಡಿಗೆಗೆ ಹಿಡಿದು, “ನಾನು ಇನ್ನು ಪೆನ್ಸಿಲ್ವೇನಿಯದವನು” ಎಂದ. ಬರೀ ಕೋಣೆ ಸಾಲದು, ನ್ಯೂಯಾರ್ಕಿನ ತೆರಿಗೆಯವರು ಬಂದರೆ ನಿನ್ನ ಪ್ರೀತಿಯ ವಸ್ತುಗಳು ಯಾವ ಮನೆಯಲ್ಲಿವೆ ಎಂದು ನೋಡುತ್ತಾರೆ, ಎಲ್ಲಿ ಅವು ಇವೆಯೋ ಅದೇ ನಿನ್ನ ಖಾಯಂ ಮನೆ ಎಂದು ಬರೆಯುತ್ತಾರೆ, ಎಂದು ಯಾರೋ ಹೇಳಿಕೊಟ್ಟರು. ಸುಳ್ಳೇನಲ್ಲ ಅದು. ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೀಗಾಗಿ ಕ್ಯಾಜ್ ಒಂದೊಂದನ್ನೇ ಆಚೆ ಸಾಗಿಸಿದ. ಅಕಾರ್ಡಿಯನ್. ಪೋಲೆಂಡಿನಿಂದ ಬಂದ ಅಪ್ಪನ ಪಟ. ಪಿಕಲ್ ಎಂಬ ಮುದಿ ನಾಯಿ. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು ರಸ್ತೆ ದಾಟಿಸಿದವಳು ಇರ್ಮಾ. ತೆರಿಗೆ ಉಳಿಯುತ್ತದಲ್ಲ ಎಂದು ಅವಳೂ ನಗುತ್ತಿದ್ದಳು. ರಸ್ತೆಯೆಲ್ಲ ನಕ್ಕಿತ್ತು.

ಆಮೇಲೆ ಯಾವಾಗಲೋ ಇರ್ಮಾ ನಗುವುದು ನಿಲ್ಲಿಸಿದಳು.

ಈ ಫೆಬ್ರವರಿಯಲ್ಲಿ ಯಾರೋ ನ್ಯೂಯಾರ್ಕಿನ ತೆರಿಗೆ ಇಲಾಖೆಗೆ ಚಾಡಿ ಹೇಳಿದರು. ಸೋಮವಾರ ತನಿಖೆಯವನು ಬರುವನೆಂದು ಗೊತ್ತಾಯಿತು. ಅದರ ಹಿಂದಿನ ಶುಕ್ರವಾರ ಸಂಜೆ, ಊರೆಲ್ಲ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ಮೀನೂಟಕ್ಕೆ ಸಾಲು ನಿಂತಿದ್ದಾಗ, ಅತ್ತೆಯ ಗ್ಯಾರೇಜಿನಲ್ಲಿ ಕ್ಯಾಜ್ ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿದ್ದ ಪೈಪ್ ಸ್ಪ್ಯಾನರಿನ ಮೇಲೆ ಅತ್ತೆಯ ಬೆರಳಚ್ಚು. ಅವಳದೇ ಸ್ಪ್ಯಾನರು, ಅಂದು ಬೆಳಗ್ಗೆಯೇ ನಲ್ಲಿ ಬಿಗಿಮಾಡಿದ್ದಳು. ಮತ್ತೆ ಮಾರನೇ ದಿನ ನೋಡಿದರೆ ಅಕಾರ್ಡಿಯನ್, ಪಟ, ನಾಯಿ ಮೂರೂ ಇರ್ಮಾಳ ಮನೆಯಲ್ಲಿ!

ಸರ್ಕಾರಿ ವಕೀಲನಿಗೆ ಅಷ್ಟೇ ಸಾಕಾಯಿತು. ಕ್ಯಾಜ್ ಹೆಂಡತಿಯ ಬಳಿಗೆ ವಾಪಸು ಹೊರಟಿದ್ದ, ಗ್ಲೆಂಡಾ ಹೊಟ್ಟೆಕಿಚ್ಚಿಗೆ ಹೊಡೆದು ಕೊಂದಳು. ಹಾಲೆನ್‌ಬ್ಯಾಕ್‌ನ ವಾದ ಇನ್ನೂ ಸರಳ: ಅವನು ಬರೀ ಬಾಡಿಗೆದಾರ. ಬಾಡಿಗೆದಾರ ಖಾಲಿ ಮಾಡಿದರೆ ಯಾರೂ ಕೊಲ್ಲುವುದಿಲ್ಲ.

“ಕ್ಯಾಜ್ ಇದನ್ನ ಯಾವಾಗ ತಂದಿಟ್ಟ ಇರ್ಮಮ್ಮ?” ಎಂದೆ.

“ಶುಕ್ರವಾರ ಬೆಳಗ್ಗೆ. ಪೊಲೀಸರಿಗೆ ಹೇಳಾಗಿದೆ.”

“ತಾನೇ ಹೊತ್ತುಕೊಂಡು?”

“ಇಲ್ಲ, ಬಿಷಪ್ಪು ಬಂದು ಹೊತ್ತುಕೊಟ್ರು. ಎಂಥ ಪ್ರಶ್ನೆ ಕೇಳ್ತೀಯೋ!”

“ಕೆಳಗಿನ ಪಟ್ಟಿ ಹಾಕಿಲ್ಲ.”

ಅವಳು ಬಟ್ಟೆ ಹಿಂಡುವುದು ನಿಲ್ಲಿಸಿದಳು.

“ಚರ್ಚಿನ ಹಾಲ್‌ನಲ್ಲಿ ಒಂದು ಸಲ ಪಾದ್ರಿ ಇದನ್ನ ಪಟ್ಟಿ ಹಾಕದೆ ಎತ್ತೋಕೆ ಹೋಗಿದ್ರು, ನೆನಪಿದೆಯಾ? ಕ್ಯಾಜ್ ಎಲ್ಲರ ಮುಂದೆ ಪಾದ್ರಿಗೇ ಬೈದ. ನಿಮ್ಮ ಕರುಳು ಹೀಗೆ ಹೊರಗೆ ನೇತಾಕಿ ಎತ್ತಿದ್ರೆ ಹೇಗಿರುತ್ತೆ ಅಂದ. ಅಂಥ ಮನುಷ್ಯ ಒಂದು ಪಟ್ಟಿ ಬಿಚ್ಚಿಟ್ಟು, ತಿದಿ ಹರಕೊಂಡು, ರಸ್ತೆ ದಾಟಿದ್ನಾ? ಅದೂ ಆ ಕೆಟ್ಟ ಮಂಡಿಯಲ್ಲಿ?”

“ವಯಸ್ಸಾಗಿತ್ತು. ಮರೆತಿರ್ತಾನೆ.”

“ಹೊತ್ತದ್ದು ನೀವು.”

ಪಿಕಲ್ ಸೋಫಾದ ಕೆಳಗಿನಿಂದ ಎದ್ದು ಬಂದು ನನ್ನ ಬೂಟು ಮೂಸಿ ಮತ್ತೆ ಮಲಗಿತು. ಇರ್ಮಾ ನಿಧಾನವಾಗಿ ಕುರ್ಚಿಯಲ್ಲಿ ಕೂತಳು. ಕೂತಮೇಲೆ ಬೇರೆ ಹೆಂಗಸಿನ ಹಾಗೆ ಕಂಡಳು, ಮೊದಲಿಗಿಂತ ಚಿಕ್ಕವಳಾಗಿ.

“ಎರಡೂ ಕಡೆ ಪಟ್ಟಿ ಇದೆ ಅಂತಲೇ ಗೊತ್ತಿರಲಿಲ್ಲ ಕಣೋ,” ಎಂದಳು. “ನಲವತ್ತು ವರ್ಷ ಅವನು ಬಾರಿಸೋದು ಕೇಳಿದೀನಿ, ಒಂದು ಸಲ ಕೈಗೆ ಕೊಟ್ಟವನಲ್ಲ.”

“ಯಾವಾಗ ತಂದ್ರಿ?”

“ಶುಕ್ರವಾರ ಮಧ್ಯಾಹ್ನ. ಮಂಡಿ ತೋರಿಸೋಕೆ ನಿನ್ನ ಅತ್ತೆ ಅವನನ್ನ ಕಾರಲ್ಲಿ ಕರ್ಕೊಂಡು ಹೋಗಿದ್ಲು. ಹೆಂಡತಿ ನಾನು, ಕರ್ಕೊಂಡು ಹೋಗೋಳು ಅವಳು! ಅವಳ ಹಿತ್ತಲ ಬಾಗಿಲ ಬೀಗದ ಕೈ ನನ್ನ ಹತ್ರ ಇತ್ತು. ಮೂರು ಸಲ ರಸ್ತೆ ದಾಟಿದೆ.”

“ಸೋಮವಾರ ತೆರಿಗೆಯವನು ಬರ್ತಾನೆ ಅಂತ ಗೊತ್ತಿದ್ದೂ? ಆ ವಸ್ತುಗಳು ಇಲ್ಲಿ ಸಿಕ್ಕಿದ್ರೆ ಕ್ಯಾಜ್ ಮುಳುಗ್ತಿದ್ದ. ಮೂರು ವರ್ಷದ ತೆರಿಗೆ, ಬಡ್ಡಿ, ದಂಡ...”

“ಬರ್ತಾನೆ ಅಂತಲೇ ತಂದದ್ದು. ಅವನನ್ನ ಕರೆಸಿದ್ದು ಯಾರು ಅಂದ್ಕೊಂಡೆ?”

ಚಾಡಿ ಹೇಳಿದ್ದು ಫ್ಲಾಯ್ಡ್ ಟಟಲ್ ಎಂದು ಇಡೀ ರಸ್ತೆ ನಂಬಿತ್ತು. ಫ್ಲಾಯ್ಡ್ ಇರ್ಮಾಳ ಪಕ್ಕದ ಮನೆಯವನು, ಕ್ಯಾಜ್ ಜೊತೆ ಅದೇ ಕಾರ್ಖಾನೆಯಲ್ಲಿ ದುಡಿದವನು, ಇನ್ನೂ ನ್ಯೂಯಾರ್ಕಿಗೆ ತೆರಿಗೆ ಕಟ್ಟುತ್ತಿರುವವನು. ಕ್ಯಾಜ್ ರಸ್ತೆ ದಾಟಿದ ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದ.

“ಫ್ಲಾಯ್ಡಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು?” ಎಂದಳು ಇರ್ಮಾ. “ಫೋನ್ ಮಾಡಿದ್ದು ನಾನು. ದಂಡ ಬಂದ್ರೆ ನನ್ನ ಪಿಂಚಣಿಯಿಂದ ನಾನೇ ಕಟ್ತಿದ್ದೆ. ನನಗೆ ದುಡ್ಡಲ್ಲ ಕಣೋ ಬೇಕಾಗಿದ್ದದ್ದು. ಒಬ್ಬ ಸರ್ಕಾರದ ಮನುಷ್ಯ ಬಂದು, ಎರಡೂ ಮನೆ ಹೊಕ್ಕು ನೋಡಿ, ಮೊಹರು ಹಾಕಿ ಹೇಳಬೇಕಿತ್ತು: ಈ ಗಂಡಸಿನ ಮನೆ ಇದು, ಅದಲ್ಲ. ಪಾದ್ರಿ ಹೇಳಲ್ಲ. ಮಕ್ಕಳು ‘ನಿಮ್ಮ ಜಗಳ ನಮಗೆ ಬೇಡಮ್ಮ’ ಅಂತಾರೆ. ಅವನನ್ನ ಕೇಳಿದ್ರೆ, ‘ಬರೀ ತೆರಿಗೆಗೋಸ್ಕರ ಇರ್ಮಾ, ಬರೀ ತೆರಿಗೆಗೋಸ್ಕರ’ ಅಂತಿದ್ದ. ತೆರಿಗೆಗೋಸ್ಕರ ಅಂತಲೇ ಆದ್ರೆ ತೆರಿಗೆಯವರೇ ಹೇಳ್ಲಿ ಅಂತ ಕರೆಸಿದೆ.”

“ಅದಕ್ಕೆ ಮೊದಲು ನೀವೇ ವಸ್ತುಗಳನ್ನ ಈ ಕಡೆ ತಂದಿಟ್ಟುಬಿಟ್ರಿ.”

“ಮೋಸ ಅನ್ನು. ಅನ್ನು ಪರವಾಗಿಲ್ಲ. ಅವಳು ಮಾಡಿದ್ದೇನು ಮತ್ತೆ?”

ನನಗೆ ಕೂಗಾಡಬೇಕೆನಿಸಿತು. ಒಂದು ಹೊಟ್ಟೆಕಿಚ್ಚಿನ ಸುಳ್ಳು ನನ್ನ ಅತ್ತೆಯನ್ನು ಕಂಬಿಯ ಹಿಂದೆ ಕೂರಿಸಿತ್ತು. ಆದರೆ ಆಗಲೇ ನನ್ನ ಕಣ್ಣು ಕಿಟಕಿಯ ಮೇಲೆ ಬಿತ್ತು.

ರಸ್ತೆಯ ಕಡೆಯ ಕಿಟಕಿಗೆ ಅಡ್ಡಪಟ್ಟಿಗಳ ಪರದೆ. ಪಟ್ಟಿಗಳ ಮೇಲೆಲ್ಲ ಧೂಳು, ಒಂದರ ಮೇಲೆ ಬಿಟ್ಟು. ಅದೊಂದು ನಡುವಿನಲ್ಲಿ ಮೇಲಕ್ಕೆ ಬಗ್ಗಿತ್ತು, ಬೆರಳು ತಾಗಿ ತಾಗಿ ಬಣ್ಣ ಹೋಗಿತ್ತು. ಇರ್ಮಾ ಕೂತಿದ್ದ ಕುರ್ಚಿಯಿಂದ ಅದು ಸರಿಯಾಗಿ ಅವಳ ಕಣ್ಣಿನ ಎತ್ತರಕ್ಕಿತ್ತು. ನಾನು ಎದ್ದು ಅವಳ ಹಿಂದೆ ನಿಂತು ಬಗ್ಗಿ ನೋಡಿದೆ. ಅತ್ತೆಯ ಅಡುಗೆಮನೆ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು. ಅದರ ಪಕ್ಕಕ್ಕೆ ಗ್ಯಾರೇಜಿನ ಬಾಗಿಲು.

“ಶುಕ್ರವಾರ ತಲೆನೋವು, ಪರದೆ ಇಳಿಸಿ ಮಲಗಿದ್ದೆ ಅಂತ ಪೊಲೀಸರಿಗೆ ಹೇಳಿದೀರಿ,” ಎಂದೆ.

ಅವಳು ಒರೆಸುವ ಬಟ್ಟೆಯನ್ನು ಮಡಿಲಲ್ಲಿಟ್ಟು ಮಡಿಸತೊಡಗಿದಳು.

“ನೀವು ಒಂದು ಸಂಜೆಯೂ ಈ ಕುರ್ಚಿ ಬಿಟ್ಟು ಎದ್ದವರಲ್ಲ. ಏನು ನೋಡಿದ್ರಿ?”

“ಏನು ನೋಡ್ತೀನಿ? ದಿನಾ ನೋಡೋದನ್ನೇ. ಇಬ್ಬರೂ ಮಧ್ಯಾಹ್ನ ಬಂದ್ರು. ಇವನು ಮಹಡಿಗೆ ಹೋದ, ಅಕಾರ್ಡಿಯನ್ ಇಲ್ಲ ಅಂತ ಗೊತ್ತಾಯ್ತು, ಮನೆಯೆಲ್ಲ ಹುಡುಕಿದ. ಕತ್ತಲಾಗೋ ಹೊತ್ತಿಗೆ ಗ್ಯಾರೇಜಿಗೆ ಹೋದ. ಅದನ್ನೇ ಹುಡುಕ್ಕೊಂಡು ಹೋಗಿರಬೇಕು. ನಾನು ತಂದಿಲ್ಲದಿದ್ರೆ ಹೋಗ್ತಿರಲಿಲ್ಲ. ಅದು ನನಗೂ ಗೊತ್ತು, ನೀನು ಹಾಗೆ ನೋಡಬೇಡ.”

“ಅತ್ತೆ ಎಲ್ಲಿದ್ಲು?”

“ಅಡುಗೆಮನೇಲಿ. ಕಡುಬು ತಟ್ತಾ ಇದ್ಲು. ನಾನು ಕಲಿಸಿಕೊಟ್ಟ ಕಡುಬು! ಪಿರೋಗಿ ಅಂದ್ರೆ ಏನೂಂತ ಗೊತ್ತಿರಲಿಲ್ಲ ಅವಳಿಗೆ. ಇವನು ಗ್ಯಾರೇಜಿಗೆ ಹೋದಾಗಿನಿಂದ ಅವಳು ಕಿಟಕಿ ಬಿಟ್ಟು ಅಲುಗಲಿಲ್ಲ. ಮೊಣಕೈ ತನಕ ಹಿಟ್ಟು.”

“ಇರ್ಮಮ್ಮ!”

“ಬೇರೆ ಒಬ್ಬರು ಹೋದ್ರು ಗ್ಯಾರೇಜಿಗೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದ್ರು. ಇವನು ಬರಲಿಲ್ಲ.”

ನಾಚಿಕೆಯಿಲ್ಲದೆ ಹೇಳುತ್ತೇನೆ, ಅವಳ ಕಾಲಿಗೆ ಬೀಳಲೂ ಸಿದ್ಧನಿದ್ದೆ. “ಯಾರು? ಹೆಸರು ಹೇಳಿ. ನಾಳೆ ಬಂದು ಕೋರ್ಟಲ್ಲಿ ಹೇಳಿ, ಅತ್ತೆ ಮಧ್ಯಾಹ್ನಕ್ಕೆ ಮನೆಗೆ ಬರ್ತಾಳೆ.”

“ಬರ್ಲಿ ಅಂತ ನನಗೇನು ಆಸೆ?”

“ಕೋರ್ಟಿಂದ ಕರೆಸಬೇಕಾಗುತ್ತೆ.”

“ಕರೆಸು. ಅದು ಪೆನ್ಸಿಲ್ವೇನಿಯದ ಕೋರ್ಟು. ನಾನು ಕೂತಿರೋದು ನ್ಯೂಯಾರ್ಕಲ್ಲಿ. ಅವರ ಸಮನ್ಸು ನನ್ನ ಅಂಗಳದ ಅಂಚಿಗೆ ಬಂದು ಸತ್ತುಬೀಳುತ್ತೆ. ಅದನ್ನ ಈ ಕಡೆ ದಾಟಿಸೋಕೆ ವಾರಗಟ್ಟಲೆ ಬೇಕು. ನಾನೂ ಈ ರಸ್ತೆಯಲ್ಲೇ ಮುದುಕಿಯಾದವಳು ಕಣಪ್ಪ, ನನಗೆ ಕಾನೂನು ಹೇಳಿಕೊಡ್ತೀಯಾ?”

ಅವಳು ಹೇಳಿದ್ದು ನಿಜ. ಕ್ಯಾಜ್‌ನ ಪಿಂಚಣಿಯನ್ನು ಕಾಪಾಡಿದ ಅದೇ ಗೆರೆ ಈಗ ಅವನ ಕೊಲೆಗಾರನನ್ನು ಕಾಪಾಡುತ್ತಿತ್ತು.

“ಏನು ಬೇಕು ನಿಮಗೆ?” ಎಂದೆ.

ಇರ್ಮಾ ಆ ಬಗ್ಗಿದ ಪಟ್ಟಿಯ ಕಡೆ ತಿರುಗಿದಳು.

“ಕ್ಯಾಜ್‌ಗೆ ಮೇಲೂ ಕೆಳಗೂ ಕಟ್ಟಿಸಿದ ಹಲ್ಲು. ಗೊತ್ತಾ?”

“ಇಲ್ಲ.”

“ಯಾರಿಗೂ ಗೊತ್ತಿಲ್ಲ. ನನ್ನ ಮುಂದೆ ಬಿಟ್ಟು ಒಂದು ನರಪಿಳ್ಳೆ ಮುಂದೆ ತೆಗೆದವನಲ್ಲ. ಆಪರೇಷನ್ ಆದಾಗ ನರ್ಸಿನ ಜೊತೆ ಕುಸ್ತಿಗೆ ನಿಂತ. ಹೆತ್ತ ಮಗಳ ಮುಂದೆ ತೆಗೀಲಿಲ್ಲ. ಅಕಾರ್ಡಿಯನ್ನು, ಪಟ, ನಾಯಿ ಇವೆಲ್ಲ ತೆರಿಗೆಯವರು ನೋಡೋ ವಸ್ತು. ನನಗೆ ಅವು ಬೇಡ.” ಅವಳು ನನ್ನ ಕಡೆ ತಿರುಗಿದಳು. “ಜೈಲಿಗೆ ಹೋಗಿ ಅವಳನ್ನ ಕೇಳು. ಅವಳ ಮುಂದೆ ಹಲ್ಲು ತೆಗೀತಿದ್ನಾ, ಇಲ್ವಾ. ಅವಳು ಏನು ಹೇಳ್ತಾಳೋ ಅದನ್ನ ತಂದು ನನಗೆ ಹೇಳು. ಆಮೇಲೆ ಹೆಸರಿನ ಮಾತು.”

“ಬರೀ ಅಷ್ಟೇನಾ?”

“ನಿನಗೆ ಬರೀ ಅಷ್ಟೇ,” ಎಂದಳು ಇರ್ಮಾ.

ಹೊರಗೆ ಬಂದರೆ ಫ್ಲಾಯ್ಡ್ ಟಟಲ್ ತನ್ನ ಅಂಗಳದಲ್ಲಿ ಕಬ್ಬಿಣದ ಸಲಾಕೆ ಹಿಡಿದು, ಮೆಟ್ಟಿಲ ಬುಡದ ಕೊಳಕು ಮಂಜುಗಡ್ಡೆಯನ್ನು ಕುಟ್ಟುತ್ತಿದ್ದ. ನನ್ನನ್ನು ಕಾದೇ ಕುಟ್ಟುತ್ತಿದ್ದ ಹಾಗಿತ್ತು.

“ಏನಪ್ಪಾ ಪತ್ತೇದಾರ, ಸಿಕ್ತಾ ಏನಾದ್ರೂ? ಮುದುಕಿ ಕಾಫಿನಾದ್ರೂ ಕೊಟ್ಲಾ?”

“ಕೊಡಲಿಲ್ಲ.”

“ಕೊಡಲ್ಲ ಬಿಡು. ತೆರಿಗೆಯಿಲ್ಲದ ದುಡ್ಡಿನ ಕಾಫಿ ಅದು, ನಮ್ಮಂಥವರಿಗೆ ಯಾಕೆ ಕೊಡ್ತಾಳೆ?” ಎಂದು ಒಂದು ಏಟು ಹಾಕಿದ. “ನಾನೂ ಕ್ಯಾಜೂ ಒಂದೇ ದಿನ ಕೆಲಸಕ್ಕೆ ಸೇರಿದ್ವಿ. ಒಂದೇ ದಿನ ಕೇಕು ಕತ್ತರಿಸಿ ಕಳಿಸಿದ್ರು. ಅವನು ಉಳಿಸಿದ್ದರಲ್ಲಿ ದೋಣಿ ತಗೊಂಡ. ಇಲ್ಲೇ, ನನ್ನ ಮೂಗಿನ ಮುಂದೆ, ನಿಮ್ಮ ಅತ್ತೆ ಅಂಗಳದಲ್ಲಿ ನಿಲ್ಲಿಸಿದ್ದ. ಬೇಸಿಗೆಯೆಲ್ಲ ತೊಳೆದದ್ದೇ ತೊಳೆದದ್ದು. ನೀರಿಗೆ ಇಳಿಸಿದ್ದು ನಾನು ನೋಡಿಲ್ಲ.”

“ಶುಕ್ರವಾರ ಮೀನು ಕರಿಯೋ ಪಾಳಿ ನಿಮ್ಮದಿತ್ತಲ್ಲ?”

“ಇತ್ತು. ಕರಿದೆ.”

“ನಡುವೆ ಎದ್ದು ಹೋಗಿದ್ರಂತೆ.”

“ಆಲೂಗಡ್ಡೆ ಮುಗಿದಿತ್ತು. ತರೋಕೆ ಹೋದೆ.”

“ಆಲೂಗಡ್ಡೆ ಮೂಟೆ ಹಾಲ್‌ನ ಹಿಂಬಾಗಿಲಲ್ಲೇ ಇದ್ದವಂತಲ್ಲ?”

ಸಲಾಕೆ ಗಾಳಿಯಲ್ಲೇ ನಿಂತಿತು. ಫ್ಲಾಯ್ಡ್‌ನ ಮುಖ ಕೆಂಪೇರಿತು, ಕುಟ್ಟಿದ ದಣಿವಿಗೋ ಬೇರೆಯದಕ್ಕೋ ಗೊತ್ತಾಗಲಿಲ್ಲ.

“ನಿಮ್ಮ ಅತ್ತೆ ಮನೇಲಿ ಗಂಡಸಿಗೆ ಬರ ಇರಲಿಲ್ಲ ಕಣೋ ಹುಡುಗ. ಅದನ್ನ ವಿಚಾರಿಸು ಮೊದಲು,” ಎಂದು ಬೆನ್ನು ತಿರುಗಿಸಿದ. ಹೊಡೆದೇಬಿಡುತ್ತಿದ್ದೆ. ಅತ್ತೆಯ ಮುಖ ನೆನಪಾಗಿ ಕೈ ಜೇಬಿಗೆ ತುರುಕಿಕೊಂಡು ಕಾರು ಹತ್ತಿದೆ.

ವಕೀಲನ ಕಡೆಯವನೆಂಬ ಚೀಟಿ ಇದ್ದುದರಿಂದ ಜೈಲಿನಲ್ಲಿ ಗಾಜಿನ ಆಚೆಯಿಂದ ಮಾತಾಡುವ ಕಾಟ ಇರಲಿಲ್ಲ. ಸಣ್ಣ ಕೋಣೆ, ಒಂದು ಮೇಜು, ಕೇಳಿಸಿಕೊಳ್ಳುವವರಿಲ್ಲ. ಗ್ಲೆಂಡಾ ಅತ್ತೆ ಕಿತ್ತಳೆ ಬಣ್ಣದ ದೊಗಲೆ ಅಂಗಿಯಲ್ಲಿ ಬಂದು ಕೂತಳು. ಕೂದಲಿಗೆ ಬಣ್ಣ ಹಾಕದೆ ಬುಡದಲ್ಲಿ ಬೆಳ್ಳಗಾಗಿತ್ತು. ಅದನ್ನು ಕೈಯಲ್ಲಿ ಮುಚ್ಚಿಕೊಂಡಳು.

“ಊಟ ಮಾಡಿದ್ಯಾ?” ಎಂದಳು. ಎಲ್ಲಿದ್ದರೂ ಅವಳ ಮೊದಲ ಮಾತು ಅದೇ.

ನಾನು ಎಲ್ಲ ಹೇಳಿದೆ. ಇರ್ಮಾ ಕದ್ದು ತಂದದ್ದು, ಕಿಟಕಿ, ಗ್ಯಾರೇಜಿಗೆ ಹೋದ ಇನ್ನೊಬ್ಬ ಮನುಷ್ಯ. ಅವಳ ಕಣ್ಣು ಅಗಲವಾಯಿತು, ತುಂಬಿತು. “ನೋಡಿದಾಳಾ? ನಾನಲ್ಲ ಅಂತ ನೋಡಿದಾಳಾ?” ಎಂದು ನನ್ನ ಕೈ ಹಿಡಿದಳು.

“ನೋಡಿದಾಳೆ. ಹೇಳ್ತಾಳೆ. ಆದರೆ ಒಂದು ಪ್ರಶ್ನೆಗೆ ನಿನ್ನ ಉತ್ತರ ಬೇಕಂತೆ.” ನನಗೇ ಮುಜುಗರವಾಗಿ ಮೇಜು ನೋಡುತ್ತ ಹೇಳಿದೆ. “ಕ್ಯಾಜ್ ನಿನ್ನ ಮುಂದೆ ಹಲ್ಲು ತೆಗೀತಿದ್ನಾ?”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ನಕ್ಕಳು. ಜೈಲಿಗೆ ಬಂದಮೇಲೆ ಅವಳು ನಕ್ಕಿದ್ದು ಅದೇ ಮೊದಲು.

“ಪಾಪಿ. ಅದನ್ನೇ ಕೇಳಿದ್ಲಾ? ಬೇರೇನೂ ಕೇಳಲಿಲ್ವಾ?”

“ಇಲ್ಲ ಅಂತ ಹೇಳು ಅತ್ತೆ. ಅಷ್ಟೇ ಬೇಕಾಗಿರೋದು ಅವಳಿಗೆ.”

“ತೆಗೀತಿದ್ದ,” ಎಂದಳು.

“ಅತ್ತೆ.”

“ದಿನಾ ರಾತ್ರಿ ಊಟ ಆದಮೇಲೆ. ಮೊದಲನೇ ಸಲ ಅತ್ತುಬಿಟ್ಟ ಕಣೋ. ಕೆನ್ನೆ ಒಳಗೆ ಹೋಗಿ ಮುದುಕನಾಗಿ ಕಾಣ್ತೀನಿ ಅಲ್ವಾ ಅಂದ. ಹ್ಞೂಂ, ಕಾಣ್ತೀಯ ಅಂದೆ. ಇಬ್ಬರೂ ನಕ್ಕೆವು.”

“ಇಲ್ಲ ಅಂತ ಹೇಳು! ಒಂದು ಪದ! ಅವಳ ಹೊಟ್ಟೆ ತಣ್ಣಗಾಗುತ್ತೆ, ನೀನು ಮನೆಗೆ ಬರ್ತೀಯ. ಹೇಗೂ ವಕೀಲರು ಅದನ್ನೇ ಹೇಳಿಸ್ತಿದಾರಲ್ಲ, ಬಾಡಿಗೆದಾರ ಅಂತ?”

“ವಕೀಲರು ಬರೆದುಕೊಂಡು ಬಂದಿದ್ರು. ನಾನಿನ್ನೂ ಸಹಿ ಹಾಕಿಲ್ಲ.” ಅವಳು ಕುರ್ಚಿಯಲ್ಲಿ ನೆಟ್ಟಗಾದಳು. “ಅವಳ ಹತ್ರ ಅವನ ಹೆಸರಿದೆ. ಉಂಗುರ ಇದೆ. ಮಕ್ಕಳಿದಾರೆ. ಸಮಾಧಿ ಕಲ್ಲಿನ ಮೇಲೆ ಅವನ ಪಕ್ಕ ಅವಳ ಜಾಗ ಕೆತ್ತಿಟ್ಟಾಗಿದೆ, ನಾನೇ ನೋಡಿದೀನಿ. ನನ್ನ ಹತ್ರ ಏನಿದೆ? ಇದೊಂದಿದೆ. ಇದನ್ನೂ ಅವಳಿಗೇ ಕೊಡ್ಲಾ?”

ನಾನು ಮೇಜು ಗುದ್ದಿದೆ. ಕಾವಲಿನವನು ಬಾಗಿಲ ಸಂದಿಯಿಂದ ನೋಡಿದ. ನಾನು ಬೈದೆ, ಬೇಡಿಕೊಂಡೆ, ಕೊನೆಗೆ ಅತ್ತುಬಿಟ್ಟೆ. “ನಿನ್ನ ಬಿಟ್ರೆ ನನಗೆ ಯಾರಿದಾರೆ? ಎರಡು ಮುದುಕಿಯರು ಒಬ್ಬ ಸತ್ತ ಮುದುಕನಿಗೆ ಕಿತ್ತಾಡಿಕೊಂಡು ನನ್ನ ಮನೆ ಹಾಳುಮಾಡ್ತೀರಾ?” ಎಂದು ಕೂಗಿದೆ. ಹೊತ್ತಾಯಿತೆಂದು ಕಾವಲಿನವನು ಅವಳನ್ನು ಎಬ್ಬಿಸಿದ.

ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕಾರು ಓಡಿಸಿದೆ. ಅವಳು ಸುಳ್ಳು ಹೇಳದಿದ್ದರೇನು, ನಾನು ಹೇಳುತ್ತೇನೆ. ಯಾವ ದೇವರಿಗೂ ಇದರಿಂದ ನಷ್ಟವಿಲ್ಲ.

ಇರ್ಮಾ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆಯಲಿಲ್ಲ.

“ಕೇಳಿದ್ಯಾ?”

“ಕೇಳಿದೆ. ಇಲ್ಲ ಅಂದ್ಲು,” ಎಂದೆ, ಅವಳ ಕಣ್ಣನ್ನೇ ನೋಡುತ್ತ. “ಒಂದು ದಿನವೂ ತೆಗೆದವನಲ್ಲವಂತೆ. ಅವನಿಗೆ ಕಟ್ಟಿಸಿದ ಹಲ್ಲಿದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಬಾಡಿಗೆದಾರ, ಅಷ್ಟೇ.”

ಸಮಾಧಾನವಾಗಬೇಕಿತ್ತು ಅವಳಿಗೆ. ಮುಖ ಕಲ್ಲಾಯಿತು.

“ಇದನ್ನ ಅವಳ ಬಾಯಾರೆ ಹೇಳಿದ್ಲಾ?”

“ಬಾಯಾರೆ.”

“ಅವಳ ಅಡುಗೆಮನೆ ಕಿಟಕಿ ಕಟ್ಟೆ ಮೇಲೆ, ಗಾಜಿನ ಲೋಟದಲ್ಲಿ, ಎರಡು ಚಳಿಗಾಲದಿಂದ ನೋಡ್ತಿದೀನಿ ಆ ಹಲ್ಲನ್ನ,” ಎಂದಳು ಇರ್ಮಾ. “ದೀಪ ಹಾಕಿದ್ರೆ ಮಿನುಗುತ್ವೆ.”

“ಗೊತ್ತಿದ್ರೆ... ಗೊತ್ತಿದ್ದೂ ಯಾಕೆ ಕೇಳಿಸಿದ್ರಿ?”

“ಮೂರು ವರ್ಷ ಅವಳು ನನ್ನ ಮುಖ ನೋಡ್ಕೊಂಡು ಬಾಡಿಗೆದಾರ, ಬಾಡಿಗೆದಾರ ಅಂದ್ಲು. ಅವನೂ ಅಂದ. ನನ್ನ ಕಣ್ಣಿಗೇ ಹುಚ್ಚು ಹಿಡಿದಿದೆಯೇನೋ ಅನ್ನಿಸಿಬಿಟ್ರು. ಒಂದೇ ಒಂದು ಸಲ ನಿಜ ಹೇಳಿದ್ದಿದ್ರೆ, ಹೌದು ಇರ್ಮಾ, ಅವನು ನನ್ನವನಾಗಿದ್ದ ಅಂದಿದ್ದಿದ್ರೆ, ನಾಳೆ ರಸ್ತೆ ದಾಟಿ ಬರ್ತಿದ್ದೆ. ಕೋಟು ಇಸ್ತ್ರಿ ಮಾಡಿ ಇಟ್ಟಿದ್ದೆ ಕಣೋ.”

ಬಾಗಿಲು ಹಾಕಿಕೊಂಡಿತು.

ನಾನು ಎರಡೂ ಕೈಯಲ್ಲಿ ಬಡಿದೆ. “ಅವಳು ಹೌದು ಅಂದ್ಲು! ಸುಳ್ಳು ಹೇಳಿದ್ದು ನಾನು, ಇರ್ಮಮ್ಮ! ದಿನಾ ತೆಗೀತಿದ್ದ, ಮೊದಲನೇ ಸಲ ಅತ್ತ ಅಂತ ಹೇಳಿದ್ಲು! ಇಲ್ಲ ಅನ್ನು ಅಂತ ನಾನೇ ಅವಳ ದುಂಬಾಲು ಬಿದ್ದೆ, ಅವಳು ಒಪ್ಪಲಿಲ್ಲ!”

ಪಕ್ಕದ ಅಂಗಳದಲ್ಲಿ ಸಲಾಕೆಯ ಸದ್ದು ನಿಂತಿತ್ತು. ಆಮೇಲೆ ಬಾಗಿಲಿಗೆ ಬಾಯಿ ಹತ್ತಿರ ತಂದು ಅವಳು ಮೆಲ್ಲಗೆ ಮಾತಾಡಿದಳು.

“ನಿನ್ನ ಮಾತು ನಾನು ಇನ್ನು ನಂಬಲ್ಲ. ನಾಳೆ ಕೋರ್ಟಲ್ಲಿ, ಬೈಬಲ್ ಮುಟ್ಟಿ, ಎಲ್ಲರ ಮುಂದೆ ಅವಳೇ ಹೇಳ್ಲಿ. ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ. ಹೌದು ಅಂದ್ರೆ ಎದ್ದು ನಿಂತು ಹೆಸರು ಹೇಳ್ತೀನಿ. ಬಾಡಿಗೆದಾರ ಅಂದ್ರೆ ಎದ್ದು ಮನೆಗೆ ಬರ್ತೀನಿ.”

ಮೆಟ್ಟಿಲ ಮೇಲೆ ಕುಸಿದು ಕೂತೆ. ಅವನು ನನ್ನವನಾಗಿದ್ದ ಎಂದು ಅತ್ತೆ ಕೋರ್ಟಿನಲ್ಲಿ ಹೇಳಿದರೆ, ಸರ್ಕಾರಿ ವಕೀಲ ಎದ್ದು ಕುಣಿಯುತ್ತಾನೆ. ಅವನಿಗೆ ಬೇಕಾಗಿರುವುದೇ ಆ ಮಾತು. ಹೇಳದಿದ್ದರೆ ಇರ್ಮಾ ಬಾಯಿ ಬಿಡುವುದಿಲ್ಲ. ಆದರೂ ಹೇಳಿಸಬೇಕು. ಹಾಲೆನ್‌ಬ್ಯಾಕ್ ಒಪ್ಪದಿದ್ದರೆ ಅವನ ಕತ್ತಿನ ಪಟ್ಟಿ ಹಿಡಿದಾದರೂ ಹೇಳಿಸಬೇಕು. ಅತ್ತೆಗೆ ಅದು ಕಷ್ಟವೇ ಅಲ್ಲ, ಹೇಳಲು ಕಾದು ಕೂತಿದ್ದಾಳೆ.

ಜೇಬಿನಲ್ಲಿ ಫೋನು ಅದುರಿತು.

“ಈ ಕರೆ ಜಿಲ್ಲಾ ಜೈಲಿನ ಕೈದಿಯಿಂದ ಬರುತ್ತಿದೆ,” ಎಂದಿತು ಯಂತ್ರದ ದನಿ. “ನಿಮ್ಮ ಮಾತುಕತೆಯನ್ನು ದಾಖಲಿಸಲಾಗುತ್ತದೆ, ಆಲಿಸಲಾಗುತ್ತದೆ.”

“ಟ್ರಾವಿಸ್?” ಅತ್ತೆಯ ದನಿ ಹಗುರಾಗಿತ್ತು. “ನೀನು ಅತ್ತದ್ದು ನೋಡಿ ನನಗೆ ತಡಕೊಳ್ಳೋಕಾಗಲಿಲ್ಲ ಕಣೋ. ನೀನು ಹೇಳಿದ್ದೇ ಸರಿ, ಸತ್ತವನು ಸತ್ತ. ನೀನು ಹೋದ ಹಿಂದೇನೇ ವಕೀಲರು ಬಂದ್ರು. ಅವನು ಬರೀ ಬಾಡಿಗೆದಾರ, ಬೇರೆ ಏನೂ ಇರಲಿಲ್ಲ ಅಂತ ಪ್ರಮಾಣ ಮಾಡಿ ಸಹಿ ಹಾಕ್ಬಿಟ್ಟೆ. ಕೋರ್ಟಿಗೆ ಸೇರಿಸಿಯೂ ಆಯ್ತಂತೆ. ಇನ್ನು ನಾಳೆ ನಾನು ಬೇರೆ ಮಾತಾಡೋ ಹಾಗಿಲ್ಲ, ಆಡಿದ್ರೆ ಸುಳ್ಳು ಪ್ರಮಾಣ ಆಗುತ್ತೆ ಅಂದ್ರು.”

ನಾನು ಫೋನು ಕಿವಿಗೊತ್ತಿಕೊಂಡು, ಹಾಕಿದ ಬಾಗಿಲನ್ನು ನೋಡುತ್ತಿದ್ದೆ. ಪರದೆಯ ಒಂದು ಪಟ್ಟಿ ಮೆಲ್ಲಗೆ ಮೇಲಕ್ಕೆದ್ದಿತು. ನಾನು ಈಗ ಏನು ಹೇಳಿದರೂ ಅದು ದಾಖಲಾಗುತ್ತದೆ, ನಾಳೆ ಸರ್ಕಾರಿ ವಕೀಲನ ಮೇಜಿನ ಮೇಲಿರುತ್ತದೆ.

“ಹಲೋ? ಯಾಕೋ ಮಾತಾಡ್ತಿಲ್ಲ?” ಎಂದಳು ಅತ್ತೆ. “ನಿನಗೋಸ್ಕರ ಮಾಡಿದ್ದು. ಸರಿ ಮಾಡಿದೆ ತಾನೇ?”